ಅತ್ತೆಗೆ ಹೇಳಿದ ಹೂಗಳು

ನಿಮ್ಮಲ್ಲಿ ಎಷ್ಟು ಮಂದಿ ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನವನ್ನು ಕಣ್ಣಾರೆ ನೋಡಿದ್ದೀರೋ ನನಗೆ ತಿಳಿಯದು. ನಾನಂತೂ ಒಮ್ಮೆಯೂ ಹೋಗಿಲ್ಲ. ನ್ಯಾಮತಿ ತಾಲೂಕಿನ ನಮ್ಮ ಸೂರಗೊಂಡನಕೊಪ್ಪದಿಂದ ಅಲ್ಲಿಗೆ ಒಂದು ರಾತ್ರಿಯ ಬಸ್ ಪ್ರಯಾಣ. ಆದರೂ ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವಕ್ಕೊಮ್ಮೆ ಸ್ವಾತಂತ್ರ್ಯೋತ್ಸವಕ್ಕೊಮ್ಮೆ, ನಾನು ಆ ಗಾಜಿನ ಮನೆಯೊಳಗೆ ಸುತ್ತಾಡಿ ಬರುತ್ತೇನೆ. ನನ್ನ ಬಸ್ಸು, ನನ್ನ ಟಿಕೆಟ್ಟು ಎಲ್ಲವೂ ನಮ್ಮ ಮನೆಯ ಟಿವಿ.

ಟಿವಿಯಲ್ಲಿ ನೋಡುವುದೂ ಒಂದು ನೋಡುವುದೇ ಎಂದು ನೀವು ನಗಬಹುದು. ನಗಬೇಡಿ. ಅಲ್ಲಿಗೆ ಹೋದವರು ನೂಕುನುಗ್ಗಲಿನಲ್ಲಿ ಮುಂದಿನವರ ಬೆನ್ನು ನೋಡಿ ಬರುತ್ತಾರಂತೆ. ನಾವಾದರೋ ಚಹಾ ಕುಡಿಯುತ್ತಾ ಒಂದೊಂದು ಎಸಳನ್ನೂ ಹತ್ತಿರದಿಂದ ನೋಡುತ್ತೇವೆ. ಆದರೆ ಟಿವಿ ಏನನ್ನು ಬಿಟ್ಟುಬಿಡುತ್ತದೆ ಎಂಬುದೂ ನಮಗೆ ಗೊತ್ತು. ನಮ್ಮೂರು ಸಂತ ಸೇವಾಲಾಲರು ಹುಟ್ಟಿದ ಊರು. ಪ್ರತಿ ಫೆಬ್ರವರಿಯಲ್ಲಿ ಜಯಂತಿಗೆ ಲಂಬಾಣಿ ಬಂಧುಗಳು ಮಾಲೆ ಧರಿಸಿ ದೂರದೂರದಿಂದ ಪಾದಯಾತ್ರೆಯಲ್ಲಿ ಬರುತ್ತಾರೆ. ಆಗ ನಮ್ಮೂರೂ ಟಿವಿಯಲ್ಲಿ ಎರಡು ನಿಮಿಷ ಕಾಣಿಸುತ್ತದೆ. ಜನಸಾಗರ ಕಾಣುತ್ತದೆ, ವೇದಿಕೆ ಕಾಣುತ್ತದೆ. ನಡೆದು ಬಂದವರ ಕಾಲಿನ ಬೊಕ್ಕೆ, ರಸ್ತೆಯ ಧೂಳಿನ ವಾಸನೆ ಕಾಣುವುದಿಲ್ಲ. ಹೂವಿನ ಪ್ರದರ್ಶನದಲ್ಲೂ ಹಾಗೆಯೇ. ಬಣ್ಣ ಬರುತ್ತದೆ, ಪರಿಮಳ ಬರುವುದಿಲ್ಲ. ಈ ಮಾತನ್ನು ನನಗೆ ಕಲಿಸಿದವರು ನನ್ನ ಅತ್ತೆ.

ನಿಜ ಹೇಳಬೇಕೆಂದರೆ ನಮ್ಮಿಬ್ಬರಿಗೆ ಬಹಳ ವರ್ಷ ಸರಿಬರಲಿಲ್ಲ. ಅತ್ತೆಗೆ ಟಿವಿ ಎಂದರೆ ಆಗದು. ಅದಕ್ಕೊಂದು ಬಟ್ಟೆ ಹೊದಿಸಿ, ಅದರ ಮೇಲೆ ತಮ್ಮ ತಸ್ಬೀಹ್ ಇಡುತ್ತಿದ್ದರು. ಟಿವಿ ಹಾಕಬೇಕಾದರೆ ತಸ್ಬೀಹ್ ಎತ್ತಬೇಕು. ಎತ್ತುವ ಧೈರ್ಯ ಯಾರಿಗಿದೆ? ಒಮ್ಮೆ ಸಂಬಂಧಿಕರು ಲಾಲ್‌ಬಾಗ್ ನೋಡಲು ಹೊರಟಾಗ ನಾನೂ ಆಸೆಯಿಂದ ಕೇಳಿದೆ. “ಹೂ ನೋಡಲು ಅಷ್ಟು ದೂರವೇ? ಅಂಗಳದಲ್ಲಿ ಇಲ್ಲವೇ?” ಎಂದರು. ಆ ಒಂದು ಮಾತನ್ನು ನಾನು ಎಷ್ಟೋ ವರ್ಷ ಸೆರಗಿನ ಗಂಟಿನಂತೆ ಜೋಪಾನವಾಗಿಟ್ಟುಕೊಂಡೆ. ಒಳ್ಳೆಯ ಮಾತನ್ನು ನಾವು ಅಷ್ಟು ಜೋಪಾನ ಮಾಡುವುದಿಲ್ಲ, ಅಲ್ಲವೇ?

ಮುಂದೆ ಅತ್ತೆಗೆ ಗ್ಲಾಕೋಮಾ ಬಂತು. ಪೊರೆಯಾದರೆ ತೆಗೆಯಬಹುದು, ಇದರಲ್ಲಿ ಕಣ್ಣಿನ ನರವೇ ಸಾಯುತ್ತದೆ, ಹೋದ ದೃಷ್ಟಿ ಮರಳದು ಎಂದರು ವೈದ್ಯರು. ನೋವಿಲ್ಲದ ಕಾಯಿಲೆಯಾದ್ದರಿಂದ ನಾವು ತಡವಾಗಿ ಎಚ್ಚೆತ್ತಿದ್ದೆವು. 2017ರ ಹೊತ್ತಿಗೆ ಅವರಿಗೆ ಬೆಳಕು ಕತ್ತಲೆಯ ಭೇದವಷ್ಟೇ ಉಳಿದಿತ್ತು.

ಆ ವರ್ಷದ ಆಗಸ್ಟ್ ಪ್ರದರ್ಶನದಲ್ಲಿ ಕುವೆಂಪು ಅವರ ಕುಪ್ಪಳಿಯ ಕವಿಮನೆ, ಕವಿಶೈಲಗಳನ್ನು ಹೂವಿನಲ್ಲಿ ಕಟ್ಟಿದ್ದರು. ಅತ್ತೆ ಮಲಗಿದ್ದಾರೆಂದು ನಾನು ಸದ್ದು ತಗ್ಗಿಸಿ ನೋಡುತ್ತಿದ್ದೆ. ಮಂಚದಿಂದ ಧ್ವನಿ ಬಂತು: “ಯಾವ ಬಣ್ಣ?”

ನಾನು ಗಾಬರಿಯಾದೆ. “ಕೆಂಪು ಗುಲಾಬಿ, ಅಮ್ಮೀ” ಎಂದೆ. “ಎಂಥ ಕೆಂಪು? ದಾಳಿಂಬೆಯದೋ ಇಟ್ಟಿಗೆಯದೋ?” ಎಂದರು. ಅಂದಿನಿಂದ ನಾನು ಅವರ ಕಣ್ಣಾದೆ.

ಸಹೋದರಿಯರೇ, ಕಣ್ಣಿಲ್ಲದವರಿಗೆ ಹೂವನ್ನು ಹೇಳುವುದು ಸುಲಭವಲ್ಲ. ಚೆನ್ನಾಗಿದೆ ಎಂದರೆ ಸಾಲದು. ಆಂಥೂರಿಯಂ ಹೂವನ್ನು ಹೇಗೆ ಹೇಳುವುದು? ಮೇಣ ಹಚ್ಚಿದ ವೀಳ್ಯದೆಲೆ, ನಡುವೆ ಒಂದು ಹಿಪ್ಪಲಿ ಎಂದೆ. ಅವರಿಗೆ ಕೂಡಲೇ ತಿಳಿಯಿತು. ಡೇಲಿಯಾ ಎಂದರೆ ಮಡಚಿ ಮಡಚಿ ಇಟ್ಟ ದುಪಟ್ಟಾ. ಪರಿಮಳ ಹೇಗಿದೆ ಎಂದು ಪ್ರತಿ ಹೂವಿಗೂ ಕೇಳುತ್ತಿದ್ದರು. ವರದಿಗಾರರು ಲಕ್ಷಗಟ್ಟಲೆ ಹೂಗಳ ಲೆಕ್ಕ ಹೇಳುತ್ತಾರೆ, ಬಂದ ಜನರ ಲೆಕ್ಕ, ಟಿಕೆಟ್ ಹಣದ ಲೆಕ್ಕ ಹೇಳುತ್ತಾರೆ. ಪರಿಮಳವನ್ನು ಯಾರೂ ಹೇಳುವುದಿಲ್ಲ. ಆಂಥೂರಿಯಂಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ, ಬಣ್ಣಕ್ಕೂ ಬಾಳಿಕೆಗೂ ಬೆಳೆಸಿದ ಎಷ್ಟೋ ಗುಲಾಬಿಗಳಿಗೂ ಇಲ್ಲ ಎಂದು ಓದಿ ತಿಳಿದು ಹೇಳಿದೆ. “ಹಾಗಾದರೆ ಕನಕಾಂಬರದ ಜಾತಿ” ಎಂದು ಅತ್ತೆ ತೀರ್ಪು ಕೊಟ್ಟರು.

ಹೂವಿನಲ್ಲಿ ಮಾಡಿದ ಆಕೃತಿಗಳು ಅವರಿಗೆ ಬೇಡವಾಗಿದ್ದವು. 2019ರ ಜನವರಿಯಲ್ಲಿ ಗಾಂಧೀಜಿಯವರ ಸಬರಮತಿ ಆಶ್ರಮ ಇದ್ದಾಗಲೂ “ಅದು ಸರಿ, ಬದಿಯಲ್ಲಿ ಕುಂಡಗಳಿರಬೇಕಲ್ಲ, ಅವನ್ನು ಹೇಳು” ಎಂದರು. ಕೊಯ್ದು ಸಿಕ್ಕಿಸಿದ್ದಕ್ಕಿಂತ ಬೇರಿನ ಮೇಲೆ ನಿಂತ ಹೂ ಅವರಿಗೆ ಇಷ್ಟ.

ಈ ತೋಟಕ್ಕೆ ಅಡಿಪಾಯ ಹಾಕಿದ್ದು ಹೈದರಲಿ, 1760ರಲ್ಲಿ, ಶಿರಾದ ಮೊಗಲ್ ತೋಟವನ್ನು ನೋಡಿ ಎಂದು ಹೇಳಿದಾಗ ಅವರು ಎದ್ದು ಕುಳಿತರು. ಟಿಪ್ಪು ಸುಲ್ತಾನರು ಪರ್ಷಿಯಾ, ಅಫ್ಘಾನಿಸ್ತಾನ, ಫ್ರಾನ್ಸ್‌ಗಳಿಂದಲೂ ಸಸಿ ಬೀಜ ತರಿಸಿದ್ದರೆಂದೆ. ಯುದ್ಧದ ನಡುವೆ ಗಿಡ ನೆಡಲು ಪುರುಸೊತ್ತಿತ್ತೇ ಎಂದು ಅಚ್ಚರಿಪಟ್ಟರು. ಆಮೇಲೆ ಬಂದವರ ಕೈಗಳನ್ನೂ ಎಣಿಸಿದೆವು. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್ ಎಂಬವರ ಕಾಲದಲ್ಲಿ, 1889ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಬಳಿಕ ಜರ್ಮನಿಯ ಕ್ರುಂಬಿಗಲ್, ನಮ್ಮವರೇ ಆದ ಜವರಾಯ, ಮರಿಗೌಡ. “ನೆಟ್ಟವನೊಬ್ಬ, ನೀರೆರೆದವನೊಬ್ಬ. ನೋಡುವವಳು ನೀನು, ಕೇಳುವವಳು ನಾನು” ಎಂದು ಅತ್ತೆ ನಕ್ಕರು. ಆ ನಗು ನನಗೆ ಹೊಸದು. ಅಷ್ಟು ವರ್ಷ ಅಡುಗೆಮನೆಯ ಹೊಸ್ತಿಲು ದಾಟದ ನಮ್ಮ ಮಾತು ಹೀಗೆ ಹಜಾರಕ್ಕೆ ಬಂದಿತ್ತು. ಟಿವಿಯ ಮೇಲಿನ ತಸ್ಬೀಹ್ ಯಾವಾಗ ಅವರ ದಿಂಬಿನ ಬಳಿ ಹೋಯಿತೋ ನಾನು ಗಮನಿಸಲೇ ಇಲ್ಲ.

ಇನ್ನು ಮುಂದಿನದನ್ನು ಹೇಳಲು ಸಂಕೋಚ. ಆದರೂ ಅದನ್ನು ಹೇಳಲೆಂದೇ ಈ ಲೇಖನ ಬರೆಯುತ್ತಿದ್ದೇನೆ.

2020ರ ಜನವರಿ. ಆ ಬಾರಿ ಸ್ವಾಮಿ ವಿವೇಕಾನಂದರ ಕುರಿತ ಪ್ರದರ್ಶನ. ಮಗಳನ್ನು ನೋಡಲು ಬಂದವರು ಅಂದೇ ಊಟ ಮುಗಿಸಿ ಹೋಗಿದ್ದರು. ಪಾತ್ರೆಗಳ ರಾಶಿ ಬಿದ್ದಿತ್ತು, ನನಗೆ ಬೆನ್ನು ನೋವು. ಟಿವಿಯಲ್ಲಿ ಹೂಗಳು ಬಂದವು. “ಏನೇನಿದೆ ಹೇಳು” ಎಂದರು ಅತ್ತೆ. “ಎಲ್ಲಾ ಹೋದ ವರ್ಷದ್ದೇ ಅಮ್ಮೀ, ಹೊಸದೇನಿಲ್ಲ” ಎಂದು ಟಿವಿ ಆರಿಸಿಬಿಟ್ಟೆ. ಅವರು ಸುಮ್ಮನಾದರು. ಆಗಸ್ಟ್‌ನಲ್ಲಿ ಹೇಗೂ ಮತ್ತೆ ಬರುತ್ತದಲ್ಲ ಎಂದುಕೊಂಡೆ.

ಆಗಸ್ಟ್‌ನಲ್ಲಿ ಬರಲಿಲ್ಲ. ಕೊರೋನಾ ಬಂತು. ಪ್ರದರ್ಶನ ರದ್ದಾಯಿತು, ಮುಂದಿನ ಜನವರಿಯೂ ಇಲ್ಲ. ಹೂ ತೋರಿಸುತ್ತಿದ್ದ ಅದೇ ಟಿವಿ ಬೆಳಗಿನಿಂದ ರಾತ್ರಿಯವರೆಗೆ ಸತ್ತವರ ಸಂಖ್ಯೆ ಹೇಳುತ್ತಿತ್ತು. 2021ರ ಮಳೆಗಾಲದಲ್ಲಿ, ಫಜ್ರ್ ನಮಾಝಿಗೆ ವುಝೂ ಮಾಡಿಸಲು ಎಬ್ಬಿಸಹೋದಾಗ, ಅತ್ತೆ ಏಳಲಿಲ್ಲ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

2022ರ ಆಗಸ್ಟ್‌ನಲ್ಲಿ ಪ್ರದರ್ಶನ ಮತ್ತೆ ಶುರುವಾಯಿತು. ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ನೆನಪಿಗೆ ಗಾಜನೂರಿನ ಮನೆಯನ್ನು ಹೂವಿನಲ್ಲಿ ಕಟ್ಟಿದ್ದರು. ಗಾಜನೂರು ಎಂಬ ಹೆಸರು ಕೇಳಿದ್ದೇ ತಡ, ನಾನು ಮಂಚದ ಕಡೆ ತಿರುಗಿ, “ನಮ್ಮ ಶಿವಮೊಗ್ಗದ ತುಂಗಾ ಅಣೆಕಟ್ಟೆಯ ಗಾಜನೂರಲ್ಲ ಅಮ್ಮೀ, ಇದು ತಾಳವಾಡಿ ಕಡೆಯದು” ಎಂದೆ. ಮಂಚದ ಮೇಲೆ ಮಡಚಿಟ್ಟ ಹಾಸಿಗೆ ಇತ್ತು. ಮಗಳು ನನ್ನನ್ನು ನೋಡಿದಳು. ನಾನು ಮಾತು ನಿಲ್ಲಿಸಲಿಲ್ಲ. ಬಿಳಿ ಸೇವಂತಿಗೆ, ಹಳದಿ ಸೇವಂತಿಗೆ, ಬದಿಯ ಕುಂಡಗಳು, ಎಲ್ಲವನ್ನೂ ಕೊನೆಯವರೆಗೆ ಹೇಳಿದೆ. ಎರಡೂವರೆ ವರ್ಷದ ಸಾಲ ಅದು. ತೀರಲಿಲ್ಲ.

ಭೂಮಿಯಿಂದ ಮೊಳೆತು ಬರುವ ಹಸಿರನ್ನು ಕಂಡು ಯೋಚಿಸಬೇಕೆಂದು ಪವಿತ್ರ ಕುರ್‌ಆನ್ ಅನೇಕ ಕಡೆ ನಮ್ಮನ್ನು ಎಚ್ಚರಿಸುತ್ತದೆ. ನಾನು ಅದನ್ನು ಕಣ್ಣಿದ್ದವರ ಕೆಲಸ ಎಂದುಕೊಂಡಿದ್ದೆ. ಕಣ್ಣಿಲ್ಲದ ಅತ್ತೆ ಒಂದು ಹೂವಿನ ಬಗ್ಗೆ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಅರ್ಧವೂ ನನಗೆ ಹೊಳೆದಿರಲಿಲ್ಲ. ಅವರು ಕೇಳಿದ್ದರಿಂದಲೇ ನಾನು ನೋಡಿದೆ.

ನಿಮ್ಮ ಮನೆಯಲ್ಲೂ ಮೂಲೆಯ ಮಂಚದಲ್ಲಿ ಒಬ್ಬ ಹಿರಿಯರಿರಬಹುದು. ಟಿವಿಯ ಸದ್ದು ಅವರಿಗೆ ಕೇಳಿಸುತ್ತಿರುತ್ತದೆ, ಚಿತ್ರ ಕಾಣುತ್ತಿರುವುದಿಲ್ಲ. ಮುಂದಿನ ಸಲ ಗಾಜಿನ ಮನೆಯ ಹೂಗಳು ಬಂದಾಗ ಪಾತ್ರೆಗಳು ಸ್ವಲ್ಪ ಕಾಯಲಿ. ಅವರ ಪಕ್ಕ ಕುಳಿತು, ಯಾವ ಕೆಂಪು ಎಂದು ಹೇಳಿ.

ಅತ್ತೆ ಹೇಳಿದ್ದ ಅಂಗಳದ ಹೂ ಒಂದು ಸೂಜಿಮಲ್ಲಿಗೆಯ ಬಳ್ಳಿ. ಅದನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಮಗ್ರಿಬ್ ಹೊತ್ತಿಗೆ ಅದು ಅರಳುತ್ತದೆ. ದೀಪ ಹಾಕುವ ಮೊದಲೇ ಪರಿಮಳ ಒಳಗೆ ಬಂದುಬಿಡುತ್ತದೆ. ಅಲ್ಲಾಹನು ಅವರ ಗೋರಿಯನ್ನು ಸ್ವರ್ಗದ ಉದ್ಯಾನವನ್ನಾಗಿ ಮಾಡಲಿ, ಅಲ್ಲಿ ಅವರು ತಮ್ಮ ಕಣ್ಣಿನಿಂದಲೇ ನೋಡುವಂತಾಗಲಿ. ಆಮೀನ್.