ಪೆಟ್ಟಿಗೆ ಬಿಚ್ಚಿದ ಮೇಲೆ ಸೀರೆಯ ಗತಿ?

ಗಂಡಸರ ಬೈಕಿನ ನಟ್ಟು ಬೋಲ್ಟಿನ ಗೊಡವೆ ನಮಗೇಕೆ ಎನ್ನುವಿರಾ? ಹಿಂದಿನ ಸೀಟಿನಲ್ಲಿ ಸೀರೆಯುಟ್ಟು ಕೂರುವವರು ನಾವಲ್ಲವೇ, ಸೋದರಿಯರೇ! ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಬಿಡದಿಯಲ್ಲಿ. ಮಗ ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಮದುವೆಗೆ ಮುಂಚೆ ಗೆಳೆಯರ ಜೊತೆ ಊರೂರು ಸುತ್ತಲೆಂದು ದೊಡ್ಡ ಬೈಕು ಕೊಂಡಿದ್ದ. ಅದರ ಎರಡೂ ಪಕ್ಕಕ್ಕೆ ಬಟ್ಟೆಬರೆ ತುಂಬುವ ಪೆಟ್ಟಿಗೆ, ಅವನ್ನು ಹೊರಲು ಕಬ್ಬಿಣದ ಚೌಕಟ್ಟು. ಗೋಕರ್ಣ, ಕಾರವಾರ ಎಲ್ಲಾ ಆಯಿತು. ಈಗ ಮನೆಗೆ ಸೊಸೆ ಬಂದಿದ್ದಾಳೆ. ಬೈಕು ಹೋಗುವುದು ಕಾರ್ಖಾನೆಗೆ, ಸಂತೆಗೆ, ಅವಳ ತವರು ಚನ್ನಪಟ್ಟಣಕ್ಕೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕುಗಳನ್ನು ಬಿಡುವುದಿಲ್ಲ. ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಶಿಫ್ಟ್ ಬಿಟ್ಟ ಹೊತ್ತಿನಲ್ಲಿ ಬಸ್ಸು, ಆಟೋಗಳ ನಡುವೆ ಅಷ್ಟಗಲದ ಪೆಟ್ಟಿಗೆ ಹೊತ್ತು ನುಸುಳುವುದುಂಟೇ? "ಬಿಚ್ಚಿಬಿಡ್ತೀನಮ್ಮ" ಅಂದ. ಸಂತೋಷವೇ.

ಆದರೆ ನನ್ನ ಕಣ್ಣು ಹೋದದ್ದು ಹಿಂದಿನ ಚಕ್ರದ ಮೇಲೆ. "ಸೀರೆ ಗಾರ್ಡ್ ಎಲ್ಲೋ?" ಅಂದೆ.

"ಚೌಕಟ್ಟು ಕೂರಿಸುವಾಗ ಅಡ್ಡ ಬಂತು, ಅಟ್ಟದ ಮೇಲಿದೆ. ಇವಳು ಚೂಡಿದಾರ್ ತಾನೇ ಹಾಕೋದು?"

"ದುಪಟ್ಟಾ ಏನು ಸೆರಗಿಗಿಂತ ಕಡಿಮೆಯೇನೋ?" ಎಂದು ಗದರಿದೆ. ನಮ್ಮ ಬೀದಿಯ ಹೆಂಗಸೊಬ್ಬರ ಸೆರಗು ಚಕ್ರಕ್ಕೆ ಸಿಕ್ಕಿ, ಗಂಡನ ಕಣ್ಣೆದುರೇ ರಸ್ತೆಗೆ ಬಿದ್ದು, ಮೂರು ತಿಂಗಳು ಹಾಸಿಗೆ ಹಿಡಿದದ್ದನ್ನು ನಾನು ನೋಡಿದ್ದೇನೆ. ಪೆಟ್ಟಿಗೆ ಇರುವಷ್ಟು ದಿನ ಚಕ್ರಕ್ಕೆ ಅದೇ ಮರೆ. ಅದನ್ನು ತೆಗೆದ ಗಳಿಗೆಯಿಂದ ಚಕ್ರ ಬತ್ತಲೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ.

ಭಾನುವಾರ ಅಂಗಳದಲ್ಲಿ ಕೆಲಸ ನಡೆಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದ. ಬೈಕನ್ನು ಸಮತಟ್ಟಾದ ಜಾಗದಲ್ಲಿ ದೊಡ್ಡ ಸ್ಟ್ಯಾಂಡಿಗೆ ಹಾಕಿ, ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಖಾಲಿ ಮಾಡಿದ ಪೆಟ್ಟಿಗೆಗಳನ್ನು ಮೊದಲು ಇಳಿಸಿ, ಆಮೇಲೆ ಚೌಕಟ್ಟಿಗೆ ಕೈಹಾಕಿದ. ಕೊನೆಯ ಬೋಲ್ಟು ಬಿಚ್ಚುವಾಗ ಸೊಸೆ ಚೌಕಟ್ಟನ್ನು ಹಿಡಿದುಕೊಂಡಳು. ಇಲ್ಲದಿದ್ದರೆ ಅದು ಕಾಲಿನ ಮೇಲೇ ಬೀಳುತ್ತದೆ. ಎಡಗಡೆಯವು, ಬಲಗಡೆಯವು ಅಂತ ಬೋಲ್ಟು, ವಾಷರ್‌ಗಳನ್ನು ಎರಡು ಹಳೆಯ ಬಟ್ಟಲಲ್ಲಿ ನಾನೇ ಬೇರೆಬೇರೆ ಇಟ್ಟೆ.

ಒಂದು ಮಾತು ಗಮನಿಸಿ. ಚೌಕಟ್ಟಿಗೆ ಹಾಕುವ ಬೋಲ್ಟುಗಳು ಉದ್ದ. ಚೌಕಟ್ಟು ತೆಗೆದ ಮೇಲೆ ಅವನ್ನೇ ವಾಪಸು ತಿರುಗಿಸಿದರೆ ತುದಿ ಒಳಗೆ ಚಾಚಿ ಟೈರಿಗೋ ಚೈನಿಗೋ ತಾಗಬಹುದು. ಕಂಪನಿಯಿಂದ ಬಂದ ಗಿಡ್ಡ ಬೋಲ್ಟುಗಳನ್ನೇ ಹಾಕಬೇಕು. ಕೆಲವು ಬೈಕುಗಳಲ್ಲಿ ಹಿಡಿಗೂ ಫುಟ್‌ರೆಸ್ಟಿಗೂ ಚೌಕಟ್ಟಿಗೂ ಒಂದೇ ಬೋಲ್ಟು ಇರುತ್ತದೆ; ಅವು ಭದ್ರವಾಗಿವೆಯೇ ಎಂದು ಅಲ್ಲಾಡಿಸಿ ನೋಡಬೇಕು. ಇಂಡಿಕೇಟರ್ ದೀಪ ಸರಿಸಿದ್ದರೆ ಮೊದಲಿದ್ದಲ್ಲಿಗೇ ಬರಬೇಕು. ಭಾರಕ್ಕೆಂದು ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿ, ಟೈರಿಗೆ ಹೆಚ್ಚು ಗಾಳಿ ತುಂಬಿದ್ದರೆ ಅವನ್ನೂ ಸರಿಮಾಡಿಸಬೇಕು. ಇಲ್ಲವಾದರೆ ಹಳ್ಳದಿಣ್ಣೆಯಲ್ಲಿ ಹಿಂದೆ ಕೂತವರ ಸೊಂಟಕ್ಕೇ ಪೆಟ್ಟು! ನಾಲ್ಕು ದಿನ ಓಡಿಸಿ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿದರೆ ಒಳ್ಳೆಯದು.

ಸಂಜೆಗೆ ಅಟ್ಟದ ಮೇಲಿದ್ದ ಸೀರೆ ಗಾರ್ಡ್ ತನ್ನ ಜಾಗಕ್ಕೆ ಬಂತು, ಪೆಟ್ಟಿಗೆಗಳು ಅಟ್ಟ ಸೇರಿದವು. ಸೊಸೆ ಈಗ ಒಂದು ಕಡೆಗೆ ಕಾಲು ಹಾಕಿ ಕೂತರೂ ನನಗೆ ದಿಗಿಲಿಲ್ಲ.

ಗಾರ್ಡ್ ಇದ್ದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೂರಿ. "ಚೆನ್ನಾಗಿ ಕಾಣೋಲ್ಲ" ಅಂತ ಅದನ್ನು ಬಿಚ್ಚಿಸುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ಬೈಕು ಯಾರದ್ದಾದರೂ ಇರಲಿ, ಹತ್ತುವ ಮುಂಚೆ ಚಕ್ರದ ಮರೆ, ಹಿಡಿ, ಫುಟ್‌ರೆಸ್ಟ್ ಈ ಮೂರನ್ನೂ ನೋಡಿ. ಇಲ್ಲವೆಂದರೆ ಹತ್ತುವುದಿಲ್ಲ ಅನ್ನಿ. ಹಾಗನ್ನಲು ಸಂಕೋಚವೇಕೆ?