ಗಣಕಯಂತ್ರವೂ ಪ್ರಮಾಣವಿಚಾರವೂ

ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳ ವಿವೇಕವು ತರ್ಕಶಾಸ್ತ್ರದ ಮೊದಲ ಪಾಠ. ಗಣಕಯಂತ್ರದ ಪರೀಕ್ಷೆಗೂ ಈ ಪಾಠವೇ ಬೇಕೆಂದರೆ ಕೆಲವರಿಗೆ ನಗು ಬಂದೀತು. ಆದರೆ ಮಾತು ನಿಜ.

ಉದಾರಿಗಳೊಬ್ಬರು ಶಾಲೆಗೆ ಹಳೆಯ ಗಣಕಯಂತ್ರವೊಂದನ್ನು ದಾನವಿತ್ತರೆನ್ನೋಣ. ಹೊರಗಿನ ಚೀಟಿ ಮಾಸಿದೆ, ನಡೆ ನಿಧಾನವಾಗಿದೆ. ಅದನ್ನು ಗುಜರಿಗೆ ಕಳುಹಿಸಬೇಕೋ, ಮಕ್ಕಳ ಕೈಗೆ ಕೊಡಬೇಕೋ? ಬಿಚ್ಚುವ ಮೊದಲು ಯಂತ್ರವನ್ನೇ ಕೇಳುವ ಮಾರ್ಗವುಂಟು. ಲಿನಕ್ಸ್ ವ್ಯವಸ್ಥೆಯುಳ್ಳ ಯಂತ್ರದಲ್ಲಿ ಟರ್ಮಿನಲ್ ತೆರೆದು ‘ಎಲ್‌ಎಸ್‌ಸಿಪಿಯು’ ಎಂದು ಟೈಪು ಮಾಡಿದರೆ ಪ್ರಾಸೆಸರಿನ ಹೆಸರೂ ಕೋರ್‌ಗಳ ಸಂಖ್ಯೆಯೂ ತೆರೆಯ ಮೇಲೆ ಮೂಡುತ್ತವೆ. ‘ಎಲ್‌ಎಸ್‌ಬಿಎಲ್‌ಕೆ’ ಎಂದರೆ ಡಿಸ್ಕುಗಳ ಪಟ್ಟಿ ದೊರೆಯುತ್ತದೆ.

ಇಂತಹ ಉತ್ತರಗಳಲ್ಲಿ ಹಲವಕ್ಕೆ ಆಕರ ‘ಪ್ರಾಕ್’ ಎಂಬ ವಿಚಿತ್ರ ಭಂಡಾರ. ಅಲ್ಲಿಯ ಕಡತಗಳು ಡಿಸ್ಕಿನಲ್ಲಿ ಇರುವುದೇ ಇಲ್ಲ. ಓದಹೊರಟ ಕ್ಷಣದಲ್ಲಿ ವ್ಯವಸ್ಥೆಯ ತಿರುಳಾದ ಕರ್ನೆಲ್ ಅವುಗಳನ್ನು ರಚಿಸಿಕೊಡುತ್ತದೆ. ಕಡತರೂಪದಲ್ಲಿ ಒಳನಡೆಯನ್ನು ತೋರುವ ಈ ಕಲ್ಪನೆಯನ್ನು ಬೆಲ್ ಪ್ರಯೋಗಾಲಯದ ಟಿ. ಜೆ. ಕಿಲಿಯನ್ ಅವರು 1984ರಲ್ಲಿ ಯೂನಿಕ್ಸ್ ವ್ಯವಸ್ಥೆಗಾಗಿ ನಿರೂಪಿಸಿದರು. ಆ ಕ್ಷಣದ ಈ ವರದಿಯನ್ನು ಪ್ರತ್ಯಕ್ಷಕ್ಕೆ ಹೋಲಿಸಬಹುದು.

‘ಫ್ರೀ’ ಎಂಬ ಆಜ್ಞೆ ರ್‍ಯಾಮಿನ ಲೆಕ್ಕವನ್ನು ಒಪ್ಪಿಸುತ್ತದೆ. ಅಲ್ಲಿ ‘ಫ್ರೀ’ ಎಂಬ ಅಂಕಣದ ಮೊತ್ತ ಅಲ್ಪವೆಂದು ಗಾಬರಿಪಡಬೇಕಾಗಿಲ್ಲ. ಬರಿದಾದ ಸ್ಥಳವನ್ನು ಲಿನಕ್ಸ್ ಡಿಸ್ಕಿನ ಮಾಹಿತಿಯ ತಾತ್ಕಾಲಿಕ ಸಂಗ್ರಹಕ್ಕೆ ಬಳಸಿ, ಬೇಕಾದಾಗ ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಹಾಗೆ ಒದಗಬಹುದಾದ ಸ್ಥಳವನ್ನು ‘ಅವೈಲಬಲ್’ ಎಂಬ ಅಂಕಣ ತೋರಿಸುತ್ತದೆ. ಅದು ಕರ್ನೆಲ್ ಊಹಿಸಿದ ಅಂದಾಜು, ಆದುದರಿಂದ ಅನುಮಾನಪ್ರಮಾಣ.

‘ಡಿಎಂಐಡಿಕೋಡ್’ ಎಂಬ ಆಜ್ಞೆಯ ಬಗೆ ಬೇರೆ. ತಯಾರಕರ ಹೆಸರು, ಕ್ರಮಸಂಖ್ಯೆ, ಮದರ್‌ಬೋರ್ಡು ಹೊರಬಲ್ಲ ರ್‍ಯಾಮಿನ ಮಿತಿ ಇವೆಲ್ಲವನ್ನೂ ಅದು ಹೇಳುತ್ತದೆ. ಆದರೆ ಒಂದನ್ನೂ ತಾನು ಪರೀಕ್ಷಿಸುವುದಿಲ್ಲ. ಬಯಾಸ್‌ನಲ್ಲಿ ಬರೆದಿಟ್ಟುದನ್ನು ಓದಿ ಹೇಳುವುದಷ್ಟೇ ಅದರ ಕೆಲಸ. ಈ ಮಾಹಿತಿಯನ್ನು ಕಣ್ಮುಚ್ಚಿ ನಂಬಲಾಗದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಕ್ರಮಸಂಖ್ಯೆಯ ಸ್ಥಳದಲ್ಲಿ, ತಯಾರಕರು ತುಂಬಬೇಕೆಂಬ ಸೂಚನೆಯೇ ಹಾಗೆಯೇ ಉಳಿದಿರುವುದೂ ಉಂಟು. ಇದು ಶಬ್ದಪ್ರಮಾಣ, ಹೇಳಿದವರು ಆಪ್ತರೇ ಎಂಬುದನ್ನು ವಿಚಾರಿಸಿಯೇ ಗ್ರಹಿಸತಕ್ಕದ್ದು.

ಈ ಭೇದವನ್ನು ಅರಿಯದವರು ಮದರ್‌ಬೋರ್ಡು ಹೊರಲಾರದ ರ್‍ಯಾಮನ್ನು ಕೊಂಡು ಹಣ ಕಳೆಯಬಹುದು; ಇಲ್ಲವೇ ಡಿಸ್ಕೊಂದನ್ನು ಬದಲಿಸಿದರೆ ಚುರುಕಾಗುವ ಯಂತ್ರವನ್ನು ಗುಜರಿಗೆ ಹಾಕಬಹುದು. ಅರಿತವರು ಎಲ್‌ಎಸ್‌ಬಿಎಲ್‌ಕೆಯಲ್ಲಿ ‘ರೋಟಾ’ ಎಂಬ ಅಂಕಣವನ್ನು ಕೇಳಿ ನೋಡುತ್ತಾರೆ. ಅಲ್ಲಿ 1 ಕಂಡರೆ ಸಾಮಾನ್ಯವಾಗಿ ಅದು ತಿರುಗುವ ತಟ್ಟೆಯ ಹಳೆಯ ಬಗೆಯ ಡಿಸ್ಕು. ನಿಧಾನಗತಿಗೆ ಅದೇ ಕಾರಣವಿರಬಹುದು. ರ್‍ಯಾಮಿನ ಮಿತಿಯನ್ನು ತಯಾರಕರ ಕೈಪಿಡಿಯೊಡನೆ ತಾಳೆ ನೋಡಿ, ಆಮೇಲೆ ಖರ್ಚಿಗೆ ಕೈಹಾಕುತ್ತಾರೆ.

ಕೊಟ್ಟ ವಸ್ತುವಿನ ಯೋಗ್ಯತೆಯನ್ನು ಸರಿಯಾಗಿ ಅಳೆದು ಮಕ್ಕಳಿಗೆ ಒದಗಿಸುವುದೇ ದಾನಿಗೆ ಸಲ್ಲಿಸುವ ನಿಜವಾದ ಗೌರವ.