ಟೊಲೆಡೊದ ಖಡ್ಗ

ಕೆಲವು ವರ್ಷಗಳ ಹಿಂದೆ ಸ್ಪೇನ್ ದೇಶದ ಟೊಲೆಡೊ ನಗರವನ್ನು ಕಾಣುವ ಅವಕಾಶ ನನಗೆ ಒದಗಿತ್ತು. ಆಗ ನನ್ನ ಚೀಲದಲ್ಲಿ ಅಪ್ರಕಟಿತ ಲೇಖನವೊಂದಿತ್ತು. ಶಾಸನವೊಂದರ ಪಾಠದ ವಿಷಯದಲ್ಲಿ ನನ್ನ ಓದನ್ನು ಪ್ರಶ್ನಿಸಿದ್ದ ಹಿರಿಯ ವಿದ್ವಾಂಸರೊಬ್ಬರಿಗೆ ಬರೆದ ಖಂಡನೆ ಅದು. ಅವರ ವಾದವನ್ನು ಬಿಟ್ಟು ಅವರ ವಯಸ್ಸನ್ನೂ ಮರೆವನ್ನೂ ಅದರಲ್ಲಿ ಚುಚ್ಚಿದ್ದೆ.

ಅಲ್ಲಿನ ಅಲ್ಕಾಸರ್ ಕೋಟೆಯ ಸೇನಾ ವಸ್ತುಸಂಗ್ರಹಾಲಯದಲ್ಲಿ ಹತ್ತೊಂಬತ್ತನೆಯ ಶತಮಾನದ ಅಶ್ವದಳದ ಅಧಿಕಾರಿಗಳು ಧರಿಸುತ್ತಿದ್ದಂಥ ಬಾಗುಖಡ್ಗಗಳ ಮುಂದೆ ಬಹಳ ಹೊತ್ತು ನಿಂತೆ. ಇಂಥ ಖಡ್ಗದ ಅಲಗು ಹಿಡಿಯ ಬಳಿಯಲ್ಲಿ ಮುಗಿಯುವುದಿಲ್ಲ. ಅದು ಕಿರಿದಾಗಿ ಮರದ ಹಿಡಿಯೊಳಗೆ ತೂರಿ, ತುದಿಯಲ್ಲಿ ಬಡಿದು ಬಿಗಿಯಲ್ಪಟ್ಟಿರುತ್ತದೆ. ಹಿಡಿಗೆ ತೊಗಲಿನ ಹೊದಿಕೆ, ಅದರ ಮೇಲೆ ತಂತಿಯ ಸುತ್ತು. ಬೆರಳುಗಳ ರಕ್ಷಣೆಗೆ ಹಿತ್ತಾಳೆಯ ಕವಲುಗಳು. ಅಲಗಿನುದ್ದಕ್ಕೂ ತೋಡಿದ ಕಾಲುವೆ ರಕ್ತ ಹರಿಯಲೆಂದು ಇರುವುದೆಂಬುದು ಜನರ ನಂಬಿಕೆ. ವಾಸ್ತವವಾಗಿ ಅದು ಬಿಗಿಯನ್ನು ಕೆಡಿಸದೆ ತೂಕವನ್ನು ಇಳಿಸುವ ಉಪಾಯ.

ಮೂರನೆಯ ಕಾರ್ಲೋಸ್ ದೊರೆ 1761ರಲ್ಲಿ ಇಲ್ಲಿ ರಾಜಕೀಯ ಖಡ್ಗಶಾಲೆಯನ್ನು ಸ್ಥಾಪಿಸಿದನು. ತಾಹೋ ನದಿಯ ದಡದಲ್ಲಿ 1780ರಲ್ಲಿ ಪೂರ್ಣಗೊಂಡ ಅದರ ಕಟ್ಟಡ ಇಂದು ವಿಶ್ವವಿದ್ಯಾಲಯದ ಆವರಣವಾಗಿದೆ. ಟೊಲೆಡೊದ ಸಾಂಪ್ರದಾಯಿಕ ಅಲಗಿನ ಒಡಲಲ್ಲಿರುವುದು ಮೆದು ಕಬ್ಬಿಣ. ಅದರ ಎರಡೂ ಬದಿಗೆ ಉಕ್ಕಿನ ಪಟ್ಟಿಗಳನ್ನಿಟ್ಟು, ಕಾಯಿಸಿ ಬಡಿದು ಒಂದಾಗಿಸುತ್ತಿದ್ದರು. ಆ ಕಬ್ಬಿಣವನ್ನು ಅವರು ‘ಆತ್ಮ’ ಎಂಬರ್ಥದ ಮಾತಿನಿಂದಲೇ ಕರೆಯುತ್ತಿದ್ದರು. ಬರಿಯ ಗಡಸು ಉಕ್ಕು ಪೆಟ್ಟಿಗೆ ಮುರಿಯಬಹುದು. ಒಳಗಿನ ಮೃದುತ್ವ ಅದನ್ನು ಉಳಿಸುತ್ತದೆ. ಸಿದ್ಧವಾದ ಅಲಗನ್ನು ಬಾಗಿಸಿ ಬಿಟ್ಟು, ಅದು ಮೊದಲಿನ ಆಕಾರಕ್ಕೆ ಮರಳುವುದೇ ಎಂದು ಪರೀಕ್ಷಿಸುತ್ತಿದ್ದರು.

ಸ್ಪೇನಿನ ಹಳೆಯ ಅಲಗುಗಳ ಮೇಲೆ ಒಂದು ಮಾತನ್ನು ಕೆತ್ತುವ ವಾಡಿಕೆಯಿತ್ತು: ಕಾರಣವಿಲ್ಲದೆ ನನ್ನನ್ನು ಸೆಳೆಯಬೇಡ, ಗೌರವವಿಲ್ಲದೆ ನನ್ನನ್ನು ಒರೆಗೆ ಸೇರಿಸಬೇಡ. ಮೊದಲರ್ಧವನ್ನು ನೆನೆದು ನಾಚಿದೆ, ಲೇಖನವನ್ನು ಹರಿದುಬಿಡಬೇಕೆನಿಸಿತು. ಆದರೆ ಉತ್ತರಾರ್ಧ ತಡೆಯಿತು. ಸದ್ದಿಲ್ಲದೆ ಹಿಂದೆ ಸರಿದರೆ ವಿವಾದ ತೀರುವುದೇ ಹೊರತು ಸತ್ಯ ತಿಳಿಯುವುದಿಲ್ಲ.

ಊರಿಗೆ ಮರಳಿ ಶಾಸನದ ಪಡಿಯಚ್ಚನ್ನು ಹೊಸ ಬೆಳಕಿನಲ್ಲಿ ನೋಡಿದೆ. ನಾನು ಒತ್ತಕ್ಷರವೆಂದು ತಿಳಿದದ್ದು ಕಲ್ಲಿನ ಬಿರುಕು. ಹಿರಿಯರ ಪಾಠವೇ ಸರಿ. ತಪ್ಪೊಪ್ಪಿಗೆಯ ಟಿಪ್ಪಣಿ ಬರೆದು, ಅಚ್ಚಿಗೆ ಕಳುಹಿಸುವ ಮುನ್ನ ಅವರ ಮನೆಗೇ ಒಯ್ದೆ. ಅವರು ಮೌನವಾಗಿ ಓದಿದರು. ಬಳಿಕ ಪೆನ್ಸಿಲು ತೆಗೆದುಕೊಂಡು, ಅದರಲ್ಲಿದ್ದ ಇನ್ನೊಂದು ತಪ್ಪನ್ನೂ ತಿದ್ದಿಕೊಟ್ಟರು.